ಬಾಣಂತಿಯರ ಸ್ನಾಯುವಿನಲ್ಲಿ ಕ್ಯಾಲ್ಸಿಯಂ ಹುಡುಕುವ ಸುಹಾಸಿನಿ

ಬೆಳಗಾವಿಯ ಹೆರಿಗೆ ಆಸ್ಪತ್ರೆಯೊಂದರ ಆಪರೇಷನ್ ಕೋಣೆಯ ಹೊರಗೆ ಡಾ. ಸುಹಾಸಿನಿ ಚೌಗುಲೆ ಕಾಯುತ್ತಿದ್ದಾರೆ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಒಳಗೆ ಕೂಸಿನ ಅಳು ಕೇಳಿದ ಸ್ವಲ್ಪ ಹೊತ್ತಿಗೆ ನರ್ಸ್ ಒಂದು ಪುಟ್ಟ ಶೀಶೆ ತಂದುಕೊಡುತ್ತಾರೆ. ಅದರಲ್ಲಿರುವುದು ಅಕ್ಕಿಕಾಳಿನಷ್ಟು ಸ್ನಾಯು. ಸಿಸೇರಿಯನ್ ಆದ ತಾಯಿ ಒಪ್ಪಿ ಕೊಟ್ಟ, ಗರ್ಭಕೋಶದ ಗಾಯದಂಚಿನ ಚೂರು. ಶೀಶೆಯನ್ನು ಐಸ್ ಡಬ್ಬಿಯಲ್ಲಿಟ್ಟು ಅವರು ಸ್ಕೂಟರ್ ಹತ್ತುತ್ತಾರೆ.

“ಇದಕ್ಕ ಇನ್ನೂ ಜೀವ ಐತ್ರಿ. ಮಧ್ಯಾಹ್ನದೊಳಗ ಇದು ಹೇಳೂದನ್ನ ಕೇಳಿಬಿಡಬೇಕು.”

ಪ್ರಯೋಗಾಲಯದಲ್ಲಿ ಆ ಚೂರಿನಿಂದ ಒಂದೊಂದೇ ಜೀವಕೋಶ ಬಿಡಿಸಿ ಬಣ್ಣ ಉಣಿಸುತ್ತಾರೆ. ಕ್ಯಾಲ್ಸಿಯಂ ಎಂದರೆ ನಮಗೆ ಎಲುಬಿನ ಮಾತ್ರೆ. ಜೀವಕೋಶದೊಳಗೆ ಅದು ಅಪ್ಪಣೆ ಒಯ್ಯುವ ಜವಾನ. ಅದು ಏರಿದಾಗ ಕೋಶ ಹಸಿರಾಗಿ ಹೊಳೆಯುತ್ತದೆ, ಮರುಗಳಿಗೆ ಬಿಗಿಯುತ್ತದೆ. ಹೆರಿಗೆಯ ನೋವೂ ಹೀಗೇ ಹುಟ್ಟುತ್ತದೆ. ಹೆರಿಗೆಯಾದ ಮೇಲೆ ಗರ್ಭಕೋಶ ಬಿಗಿದು ರಕ್ತ ನಿಲ್ಲುವುದೂ ಹೀಗೇ.

ಸುಹಾಸಿನಿ ಖಾನಾಪುರದ ಜೈನ ಮನೆತನದವರು. ತಂದೆ ಪಾರೀಸ ಅಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದವರು. ಸುಹಾಸಿನಿ ಎಂ.ಎಸ್ಸಿ. ಓದುವಾಗ ಸ್ನಾಯುವಿನ ಪ್ರಯೋಗಕ್ಕೆ ಕಪ್ಪೆ ಕೊಲ್ಲಬೇಕಿತ್ತು. ಅವರಿಂದ ಆಗಲಿಲ್ಲ. “ಕಪ್ಪಿ ಕೊಯ್ಯಾಕ ಆಗದಿದ್ರ ಈ ವಿಷಯಾ ಯಾಕ ತಗೊಂಡ್ರಿ?” ಎಂದರಂತೆ ಮಾರ್ಗದರ್ಶಕರು. ಹೇಗೋ ಪಾಸಾಗಿ, ಸಂಶೋಧನೆಯ ಆಸೆ ಬಿಟ್ಟು, ಊರಿನ ಕಾಲೇಜೊಂದರಲ್ಲಿ ಪಾಠಕ್ಕೆ ನಿಂತರು. ತಾಯಿ ಸೋನಾಬಾಯಿಗೆ ಸಮಾಧಾನವಾಯಿತು, ಮಗಳಿಗೆ ಆಗಲಿಲ್ಲ.

ಅಷ್ಟರಲ್ಲಿ ತಮ್ಮ ಶ್ರೇಯಸನ ಹೆಂಡತಿ ಪೂನಮ್‌ಗೆ ಹೆರಿಗೆಯಾಯಿತು. ಹಗಲೆಲ್ಲ ನೋವು ತಿಂದ ಮೇಲೆ ಮಗು ಬಂತು, ಆದರೆ ರಕ್ತ ನಿಲ್ಲಲಿಲ್ಲ. ಬಿಗಿಯಲೆಂದು ಕೊಟ್ಟ ಇಂಜೆಕ್ಷನ್ ಕೆಲಸ ಮಾಡಲಿಲ್ಲ. ಆಂಬುಲೆನ್ಸಿನಲ್ಲಿ ಬೆಳಗಾವಿಗೆ ತಂದರು. ದಾರಿಯುದ್ದಕ್ಕೂ ನಾದಿನಿಯ ತಣ್ಣಗಿನ ಕೈ ಹಿಡಿದು ಕುಳಿತವರು ಸುಹಾಸಿನಿ. ಪೂನಮ್ ಉಳಿದರು.

“ಗರ್ಭಚೀಲ ದಣದೈತಿ ಅಂದ್ರು ಡಾಕ್ಟರು. ದಣಿಯೂದಂದ್ರ ಒಳಗ ಏನ ಆಗತೈತಿ? ಯಾರೂ ಬಿಡಿಸಿ ಹೇಳಲಿಲ್ಲ.”

ಆ ಪ್ರಶ್ನೆ ಹಿಡಿದೇ ಅವರು ಸಂಶೋಧನೆಗೆ ಮರಳಿದರು. ಯಾವ ಜೀವವನ್ನೂ ಕೊಲ್ಲದೆ, ತಾಯಂದಿರು ಕೊಟ್ಟ ಚೂರುಗಳಲ್ಲೇ ಕೆಲಸ. ದಾರಿ ನಿಧಾನದ್ದು. ಕೆಲವು ವಾರ ಯಾರೂ ಒಪ್ಪುವುದಿಲ್ಲ. ಜೊತೆಗೆ ಓದಿದವರು ಪ್ರಾಧ್ಯಾಪಕರಾದರು, ಇವರದು ಇಂದಿಗೂ ಯೋಜನೆ ಮುಗಿದರೆ ಮುಗಿಯುವ ಕೆಲಸ. “ಮಾದರಿ ಸಾಲದು” ಎಂದು ವಿಜ್ಞಾನ ಪತ್ರಿಕೆಗಳು ಲೇಖನವನ್ನು ಹಿಂದಿರುಗಿಸಿದವು.

ಆ ದಿನಗಳಲ್ಲೇ ಗುಂಜಿಯ ಬಾಳವ್ವ ವಾರ್ಡಿಗೆ ಬಂದದ್ದು. ಎರಡು ದಿನ ನೋವು ತಿಂದು ಆಪರೇಷನ್ನಿಗೆ ಸಿದ್ಧವಾಗಿದ್ದವರು. ಸುಹಾಸಿನಿಗೆ ಬೇಕಾಗಿದ್ದುದು ಅಂಥದೇ ಮಾದರಿ.

“ನನ್ನ ಮೈಯಾಗಿಂದ ಏನೂ ತಗೀಬ್ಯಾಡ್ರಿ ಬಾಯಾರ,” ಎಂದರು ಬಾಳವ್ವ. ಮೇಡಂಗೆ ಇಲ್ಲಿ ಬಾಯಾರು ಎನ್ನುತ್ತಾರೆ.

“ಆತವಾ, ತಗಿಯೂದಿಲ್ಲ. ನೀ ಆರಾಮಾಗು.”

ನರ್ಸ್ ಇನ್ನೊಮ್ಮೆ ಕೇಳೋಣವೆಂದರೂ ಕೇಳದೆ, ಖಾಲಿ ಡಬ್ಬಿಯೊಂದಿಗೆ ಅವರು ಹಿಂದಿರುಗಿದರು. ಗಾಯ ಮಾಯುವ ತನಕ ವಾರ್ಡಿನಲ್ಲಿದ್ದ ಬಾಳವ್ವ ಬಾಜು ಮಂಚದವರಿಗೆಲ್ಲ ಹೇಳಿದರಂತೆ: “ಅಂಜಬ್ಯಾಡ್ರಿ. ಬ್ಯಾಡಂದ್ರ ಬಿಟ್ಟ ಹೋಗ್ತಾರ ಆ ಬಾಯಾರು.” ಆಮೇಲೆ ಒಪ್ಪುವವರು ಹೆಚ್ಚಾದರು.

ಬಹಳ ಹೊತ್ತು ನೋವು ತಿಂದ ತಾಯಂದಿರ ಕೋಶಗಳು ಬಿಗಿಸುವ ಔಷಧ ಹಾಕಿದರೂ ಮಂಕಾಗಿಯೇ ಇದ್ದವು. ಔಷಧ ತೊಳೆದು, ವಿಶ್ರಾಂತಿ ಕೊಟ್ಟು ಇನ್ನೊಮ್ಮೆ ಹಾಕಿದಾಗ ಹಲವು ಮತ್ತೆ ಹೊಳೆದವು. “ಸತ್ತಿರ್ಲಿಲ್ರಿ ಅವು. ಕರದ ಕರದ ಕಿವುಡಾಗಿದ್ವು,” ಎನ್ನುತ್ತಾರೆ. ಲೇಖನ ಹೋದ ವರ್ಷ ಅಚ್ಚಾಯಿತು.

ಚಿಕಿತ್ಸೆ ಸಿಕ್ಕಂತಾಯಿತೇ?

“ಇಲ್ರಿ. ರಕ್ತ ಹರಿಯೂ ಹೆಣ್ಣಮಗಳಿಗೆ ತಡಿ, ವಿಶ್ರಾಂತಿ ತಗೋ ಅನ್ನಾಕ ಆಗತೈತೇನು? ಆ ಕ್ಯಾಲ್ಸಿಯಂ ಎಬ್ಬಿಸಾಕ ಬ್ಯಾರೆ ದಾರಿ ಹುಡುಕಬೇಕು. ಜಾಂಬೋಟಿ ಕಾಡಿನ ಮಳಿಯಾಗ ಆಂಬುಲೆನ್ಸ್ ತಡಾ ಆದ್ರೂ ತಾಯಿ ಉಳೀಬೇಕು.”

ಲೇಖನದಲ್ಲಿ ಅಚ್ಚಾದ ಹೆಸರು ವಾರ್ಡಿನಲ್ಲಿ ಯಾರಿಗೂ ಗೊತ್ತಿಲ್ಲ. ಅಲ್ಲಿ ಅವರು ‘ಕೇಳಿ ತಗೊಳ್ಳೂ ಬಾಯಾರು’.

“ಪಿಎಚ್.ಡಿ. ಆದಾಗ ಹೆಸರಿನ ಮುಂದ ಡಾಕ್ಟರ್ ಅಂತ ಬಂತ್ರಿ,” ಎಂದು ಸುಹಾಸಿನಿ ನಗುತ್ತಾರೆ. “ಖರೇ ಹೇಳಬೇಕಂದ್ರ, ನನಗ ಇದ ದೊಡ್ಡ ಪದವಿ.”