ವಾಲ್ವ್ ಕೆಲಸಕ್ಕೆ ನಾಲ್ಕು ನಿಂಬೆಹಣ್ಣು

ಅಪ್ಪನ ಹಳೇ ಕಾರಿಗೆ ರೇಡಿಯೇಟರೇ ಇಲ್ಲ, ಎಂಜಿನ್ ತಣ್ಣಗಾಗುವುದು ಗಾಳಿಯಿಂದ. ಆ ಎಂಜಿನ್ನೂ ಡಿಕ್ಕಿ ಇರಬೇಕಾದ ಕಡೆ, ಹಿಂದೆ ಕೂತಿದೆ. ಆಗಾಗ ಅದರ ಎಂಟು ವಾಲ್ವುಗಳ ಸಂದು ಸರಿಮಾಡಬೇಕು. ಅಪ್ಪನಿಗೆ ಈಗ ಕಾರಿನಡಿ ತೂರಲು ಮಂಡಿ ಬಗ್ಗುವುದಿಲ್ಲ. ಕಾಚಿಗೂಡದ ವ್ಯಾಪಾರಿಯೊಬ್ಬರು, ನಮ್ಮ ರಾಯಚೂರು ಕಡೆಯವರೇ, ಕಾರನ್ನು ಕೇಳುತ್ತಲೇ ಇದ್ದರು. ಮಾರಬೇಡವೆಂದು ನಾನು ಅತ್ತೆ, ಜಗಳವನ್ನೂ ಆಡಿದೆ.

"ಹಂಗಾರ ಈ ಸಲ ವಾಲ್ವ್ ನೀನ ಮಾಡಿ ತೋರ್ಸು. ಬರಲಿಲ್ಲಂದ್ರ ಸಂಜೀಕ ಅವರಿಗೆ ಹ್ಞೂಂ ಅಂತೀನಿ," ಎಂದ ಅಪ್ಪ.

ಭಾನುವಾರ ಬೆಳಿಗ್ಗೆ ಸ್ಪ್ಯಾನರ್ ಹಿಡಿದು ಕುಷಾಯಿಗೂಡದ ನಮ್ಮ ಅಪಾರ್ಟ್‌ಮೆಂಟಿನ ಅಂಗಳಕ್ಕಿಳಿದರೆ, ಅವ್ವ ಆಗಲೇ ನಾಲ್ಕು ಚಕ್ರಗಳ ಮುಂದೆ ನಾಲ್ಕು ನಿಂಬೆಹಣ್ಣು ಇಟ್ಟು ನಿಂತಿದ್ದಳು.

"ಮಗಳು ಮೊದಲನೇ ಸಲ ಕೈ ಹಚ್ಚಾಕತ್ತಾಳ. ಗಾಡಿ ಚಾಲೂ ಮಾಡಿ ನಿಂಬಿಹಣ್ಣ ಮ್ಯಾಲ ಹಾಯಿಸ್ರಿ," ಎಂದಳು ಅಪ್ಪನಿಗೆ.

"ಚಾಲೂ ಮಾಡಿದ್ರ ಎಂಜಿನ್ ಕಾಯ್ತೈತಿ. ವಾಲ್ವ್ ಕೆಲಸ ತಣ್ಣನ ಎಂಜಿನ್‌ಗ ಮಾಡಬೇಕು!" ಎಂದ ಅಪ್ಪ.

ಇಬ್ಬರೂ ಜಗ್ಗಲಿಲ್ಲ. ಕೊನೆಗೆ ಕಾರನ್ನು ನ್ಯೂಟ್ರಲ್‌ಗೆ ಹಾಕಿ ನೂಕುವುದೆಂದಾಯಿತು. ಅಕ್ಕಪಕ್ಕದ ತೆಲುಗಿನವರೆಲ್ಲ "ನೆಟ್ಟಂಡಿ, ನೆಟ್ಟಂಡಿ" ಎನ್ನುತ್ತಾ ನೂಕಲು ಕೈ ಹಚ್ಚಿದರು. ಹಗುರಾದವಳೆಂದು ಅವ್ವನನ್ನೇ ಸ್ಟೀರಿಂಗಿಗೆ ಕೂರಿಸಿದೆವು. ಬ್ರೇಕ್ ಎಲ್ಲಿದೆಯೆಂದು ಅವಳಿಗೆ ಹೇಳಬೇಕೆಂಬುದು ಒಬ್ಬರಿಗೂ ಹೊಳೆಯಲಿಲ್ಲ. ನಿಂಬೆಹಣ್ಣು ಪಚಕ್ಕೆಂದವು, ಕಾರು ಇಳಿಜಾರಿಗೆ ಬಿತ್ತು. "ಹಿಡೀರಿ! ಯವ್ವಾ, ಹಿಡೀರಿ!" ಎಂದು ಅವ್ವ ಒಳಗಿಂದ ಕೂಗುತ್ತಿದ್ದಳು, ನಾವು ನಗುತ್ತಲೇ ಹಿಂದೆ ಓಡುತ್ತಿದ್ದೆವು. ಗೇಟಿನ ಬಳಿಯ ಮರಳ ರಾಶಿಗೆ ಮೂತಿ ತೂರಿಸಿ ಕಾರು ನಿಂತಿತು. ಅವ್ವ ಇಳಿದು ಸೆರಗು ಸರಿಮಾಡಿಕೊಂಡು, "ಪೂಜಿ ಆತು. ಇನ್ನ ಮಾಡ್ಕೋರಿ," ಎಂದಳು. ನನಗೆ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಿತ್ತು.

ಎಂಜಿನ್ ಹಿಂದಿರುವುದು ಪುಣ್ಯ. ಅಲ್ಲಿಯೇ, ಜನ ನೋಡುತ್ತಿರುವಾಗಲೇ, ಕಾರಿನಡಿ ತೂರಿದೆ. ಪ್ರತಿ ವಾಲ್ವಿನ ಸಂದಿಗೂ ತೆಳ್ಳನೆಯ ಉಕ್ಕಿನ ಪಟ್ಟಿ ತೂರಿಸಿ, ಅದು ತುಸು ಹಿಡಿದಂತಾಗಿ ಈಚೆ ಬರುವಷ್ಟು ತಿರುಪು ತಿರುಗಿಸಿದೆ. ಎಂಟೂ ಮುಗಿಸಿ ಮೈತುಂಬ ಎಣ್ಣೆ ಮಾಡಿಕೊಂಡು ಎದ್ದು, ಚಾಲೂ ಮಾಡಿದೆ.

"ಅಸಲು ಸೌಂಡೇ ಲೇದು!" ಎಂದು ಎದುರು ಮನೆಯವರು ಚಪ್ಪಾಳೆ ತಟ್ಟಿದರು.

ಅದೇ ತಪ್ಪಾಗಿತ್ತು. ಈ ಎಂಜಿನ್ ಸ್ವಲ್ಪ ಟಕಟಕ ಅನ್ನಲೇಬೇಕು. ಸದ್ದಿಲ್ಲವೆಂದರೆ ವಾಲ್ವ್ ಬಿಗಿಯಾಗಿದೆ, ಹಾಗೇ ಓಡಿಸಿದರೆ ಸುಟ್ಟುಹೋಗುತ್ತದೆ. ನಾನು ಎಂಜಿನ್ ಬಂದ್ ಮಾಡಿದೆ.

"ಬಿಗಿ ಮಾಡೀನಿ, ಅಪ್ಪಾ. ನಾಳೆ ಮುಂಜಾನೆ ತಣ್ಣಗಾದ ಮ್ಯಾಲ ಎಲ್ಲಾ ಮತ್ತ ಬಿಚ್ಚಿ ನೋಡಬೇಕು," ಎಂದೆ. ಕಾರು ಕೈತಪ್ಪಿತೆಂದು ಅಳು ಬಂದಿತ್ತು.

"ಸದ್ದು ಕೇಳೇ ತಪ್ಪು ಹಿಡದೀಯಲ್ಲ," ಎಂದ ಅಪ್ಪ, ನನ್ನತ್ತ ನೋಡುತ್ತಲೇ ಮೊಬೈಲ್ ತೆಗೆದು ಕಾಚಿಗೂಡದವರಿಗೆ ಫೋನ್ ಹಚ್ಚಿದ.

"ಗಾಡಿ ಕೊಡಾಕ ಆಗಂಗಿಲ್ರಿ. ನಾ ಏನ್ ಮಾಡ್ಲಿ, ಮಾಲಕಿ ಒಪ್ಪವಲ್ಲಳು."