ಹಿತುಕಿದ ಅಲಸಂದೆ

ಅಲಸಂದೆ ಕಾಳಿನ ಅನ್ನ ಮಾಡುವುದು ಹೇಗೆ ಅಂತ ನಮ್ಮ ಮನೆಯಲ್ಲಿ ಇಬ್ಬರಿಗೆ ಗೊತ್ತಿತ್ತು. ಒಬ್ಬರು ಅತ್ತಿಗೆ. ಇನ್ನೊಂದು ನನ್ನ ಫೋನು.

ಅತ್ತಿಗೆ ಕೋಲಾರದ ಕಡೆಯವರು. ಮದುವೆಯಾಗಿ ಅತ್ತಿಗುಪ್ಪೆಯ ನಮ್ಮ ಮನೆಗೆ ಬಂದ ಎರಡನೇ ವಾರ, ಯಾರೂ ಕೇಳದೆ ತಾವಾಗಿಯೇ ಒಲೆ ಮುಂದೆ ನಿಂತು ಮಾಡಿದ ಮೊದಲ ಅಡುಗೆ ಅದು. ತೀರಿಹೋದ ಅವರಮ್ಮ ಹಾಗೆ ಮಾಡುತ್ತಿದ್ದರಂತೆ. ಮನೆಯ ಕೋಡಂಗಿ ನಾನು, ಫೋನು ಹಿಡಿದು ಅವರ ಬೆನ್ನ ಹಿಂದೆ ನಿಂತು, ಕಾಳುಗಳ ಕಪ್ಪು ಚುಕ್ಕೆ ನೋಡಿ ಕಾಮೆಂಟರಿ ಶುರು ಮಾಡಿದೆ. "ನೋಡಿ ವೀಕ್ಷಕರೇ, ಅನ್ನಕ್ಕೆ ಕಣ್ಣು ಬಂದಿದೆ! ನಮ್ಮಣ್ಣ ತುತ್ತು ಎತ್ತಿದ್ರೆ ತಿರುಗಿ ಗುರಾಯಿಸ್ತದೆ!" ಅದನ್ನು ನೆಂಟರ ಗ್ರೂಪಿಗೆ ಹಾಕಿದೆ. ದೊಡ್ಡಪ್ಪನಿಂದ ಹಿಡಿದು ದೊಡ್ಡಪ್ಪನ ಬೀಗರವರೆಗೂ ನಕ್ಕರು. ಅತ್ತಿಗೆಯೂ ನಕ್ಕರು. ಆಮೇಲೆ ಎರಡು ವರ್ಷ ಅವರು ಆ ಅನ್ನ ಮಾಡಲಿಲ್ಲ. ನಾನದನ್ನು ಗಮನಿಸಲೂ ಇಲ್ಲ.

ಹೋದ ವರ್ಷ ಅತ್ತಿಗೆಗೆ ಮೂರು ತಿಂಗಳು ತುಂಬಿತು. ಹೊಟ್ಟೆಯಲ್ಲಿ ನೀರೂ ನಿಲ್ಲುತ್ತಿರಲಿಲ್ಲ. ಒಗ್ಗರಣೆಯ ವಾಸನೆ ಬಂದರೆ ಬಚ್ಚಲಿಗೆ ಓಡುತ್ತಿದ್ದರು. ಕೆನ್ನೆ ಒಳಗೆ ಹೋಗಿ, ಕೈಯ ಬಳೆ ಮೊಣಕೈವರೆಗೆ ಜಾರುತ್ತಿತ್ತು. ಒಂದು ಶನಿವಾರ ಡಾಕ್ಟರು ಹೇಳಿಬಿಟ್ಟರು: ನಾಳೆ ಸಂಜೆಯೊಳಗೆ ಏನಾದರೂ ಹೊಟ್ಟೆಯಲ್ಲಿ ನಿಂತರೆ ಸರಿ, ಇಲ್ಲದಿದ್ದರೆ ಅಡ್ಮಿಟ್ ಮಾಡಿ, ತೂಕ ಇನ್ನೂ ಇಳಿದರೆ ಮಗುವಿಗೆ ಒಳ್ಳೆಯದಲ್ಲ.

ಬಯಕೆ ಏನು ಅಂತ ಕೇಳಿದರೆ ಅತ್ತಿಗೆಯದ್ದು ಒಂದೇ ಉತ್ತರ, ಅಲಸಂದೆ ಕಾಳಿನ ಅನ್ನ. ಅಮ್ಮ ಅಷ್ಟರಲ್ಲಿ ಮೂರು ಸಲ ಮಾಡಿ ಸೋತಿದ್ದಳು. ಅಮ್ಮನ ಪ್ರಕಾರ ಕಾಯಿ, ಚಕ್ಕೆ, ಲವಂಗ ಬೀಳದ್ದು ಊಟವೇ ಅಲ್ಲ. ಮೂರು ಸಲವೂ ಅತ್ತಿಗೆ ವಾಂತಿ ಮಾಡಿದರು. ಅಮ್ಮನಿಗೆ ಅದು ಬಸುರಿಯ ಸಂಕಟದಂತೆ ಕಾಣದೆ ತನ್ನ ಕೈರುಚಿಗೆ ಆದ ಅವಮಾನದಂತೆ ಕಂಡಿತು.

"ನೀನೇ ಹೇಳು, ಹೆಂಗೆ ಮಾಡ್ಬೇಕು?" ಅಂತ ಅಣ್ಣ ಅತ್ತಿಗೆಯನ್ನು ಕೇಳಿದ.

ಅತ್ತಿಗೆ ಮಂಚದ ಮೇಲಿಂದಲೇ ನನ್ನತ್ತ ಬೆರಳು ತೋರಿಸಿದರು. "ಅಡುಗೆ ಮಾತು ಎತ್ತಿದ್ರೆ ವಾಂತಿ ಬರುತ್ತೆ. ಇವನ ಹತ್ರ ಎಲ್ಲ ರೆಕಾರ್ಡ್ ಆಗಿದೆಯಲ್ಲ? ಇವನೇ ಮಾಡ್ಲಿ."

ಭಾನುವಾರ ಬೆಳಿಗ್ಗೆ ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿ ವಿಡಿಯೋ ಹಾಕಿದೆ. ಅತ್ತಿಗೆ ಹೇಳುತ್ತಾರೆ, "ಮೊದಲು ಕಾಳನ್ನ..." ಅಷ್ಟರಲ್ಲಿ ನನ್ನ ದನಿ: "ಗುರಾಯಿಸ್ತದೆ ವೀಕ್ಷಕರೇ!" ಅತ್ತಿಗೆ: "ನೀರು ಎಷ್ಟಂದ್ರೆ..." ನಾನು: "ಹೆಹ್ಹೆಹ್ಹೇ!" ಅವರು ಬಾಯಿ ತೆರೆದಲ್ಲೆಲ್ಲ ನಾನೊಬ್ಬ ಕತ್ತೆ ಅಡ್ಡ ಬಂದು ಕಿರುಚಿದ್ದೆ. ಹದಿನೈದು ಸಲ ಕೇಳಿದೆ. ಹದಿನಾರನೇ ಸಲಕ್ಕೆ ಆ ದನಿಯವನು ಎಲ್ಲಾದರೂ ಸಿಕ್ಕರೆ ಬಾರಿಸಬೇಕು ಅನ್ನಿಸಿತು.

ಸ್ಪಷ್ಟವಾಗಿ ಕಂಡಿದ್ದು ಒಂದೇ. ಪಾತ್ರೆಯ ನೀರಿನಲ್ಲಿ ಅತ್ತಿಗೆ ಕೈಯಾಡಿಸಿ ಕಾಳು ಉಜ್ಜುತ್ತಿದ್ದರು. ನನಗೆ ಜ್ಞಾನೋದಯವಾಯಿತು. ಓಹೋ, ಹಿತುಕುತ್ತಿದ್ದಾರೆ! ಚಳಿಗಾಲ ಬಂದರೆ ನಮ್ಮ ಬೀದಿಯ ಪ್ರತಿ ಮನೆಯಲ್ಲೂ ನೆನೆಸಿದ ಅವರೆಕಾಳಿನ ಸಿಪ್ಪೆ ಹಿತುಕಿ ಬೇಳೆ ತೆಗೆಯುತ್ತಾರೆ. ಹಾಗಾಗಿ ಜಗತ್ತಿನ ಕಾಳುಗಳೆಲ್ಲ ನನ್ನಿಂದ ಹಿತುಕಿಸಿಕೊಳ್ಳಲೆಂದೇ ಹುಟ್ಟಿವೆ ಅಂದುಕೊಂಡಿದ್ದೆ.

ರಾತ್ರಿಯೇ ನೆನೆಹಾಕಿದ್ದ ಅರ್ಧ ಕೆಜಿ ಅಲಸಂದೆಯನ್ನು ಒಂದೊಂದಾಗಿ ಹಿತುಕಲು ಕೂತೆ. ಅವರೆಯಂತೆ ಅದು ಪುಳಕ್ಕನೆ ಹಾರುವುದಿಲ್ಲ. ಉಗುರಿನಿಂದ ಕೆರೆಯಬೇಕು, ಕೆರೆದರೆ ಎರಡು ಹೋಳಾಗುತ್ತದೆ. ಅಮ್ಮ ಎದುರಿಗೇ ಕೂತು ಹುರುಳಿಕಾಯಿ ಮುರಿಯುತ್ತಿದ್ದಳು.

"ಅಮ್ಮ, ಸರಿಯಾಗಿದ್ಯಾ?"

"ನಂಗೇನಪ್ಪಾ ಗೊತ್ತು? ನಾನು ಮಾಡಿದ್ದು ಬಚ್ಚಲಿಗೆ ಹೋಯ್ತು. ವಿಡಿಯೋದಲ್ಲಿ ಹೆಂಗಿದ್ಯೋ ಹಂಗೆ ಮಾಡು."

ಎರಡೂವರೆ ಗಂಟೆ ಹಿಡಿಯಿತು. ನನ್ನ ಬೆರಳ ತುದಿಗಳು ನೂರು ವರ್ಷದ ಮುದುಕನಂತೆ ಸುಕ್ಕುಗಟ್ಟಿದವು. ಅಮ್ಮ ಹುರುಳಿಕಾಯಿ ಮುಗಿದರೂ ಏಳಲಿಲ್ಲ. ಆಮೇಲೆ ಪಕ್ಕದ ಮನೆ ಆಂಟಿಯನ್ನೂ ಕರೆತಂದು ಪಕ್ಕದಲ್ಲಿ ಕೂರಿಸಿಕೊಂಡಳು. ಇಬ್ಬರೂ ಸೆರಗು ಬಾಯಿಗೆ ಒತ್ತಿಕೊಂಡು ನನ್ನನ್ನೇ ನೋಡುತ್ತಿದ್ದರು. ಕಷ್ಟಪಡುವ ಮಗನನ್ನು ಕಂಡು ಅಮ್ಮನಿಗೆ ಅಳು ಬರುತ್ತಿದೆ ಅಂತ ನಾನು ಹೆಮ್ಮೆಪಟ್ಟೆ.

ಕುಕ್ಕರ್ ನಾಲ್ಕು ಸಲ ಕೂಗಿತು. ಮುಚ್ಚಳ ತೆಗೆದರೆ ಅಂಟಿನ ಡಬ್ಬಿಗೆ ಅಕ್ಕಿ ಬಿದ್ದಂತಿತ್ತು. ಗೋಡೆಗೆ ಪೋಸ್ಟರ್ ಹಚ್ಚಬಹುದಿತ್ತು. ತಟ್ಟೆಗೆ ಹಾಕಿಕೊಂಡು ಹೋದೆ. ಅತ್ತಿಗೆ ಎದ್ದು ಕೂತು ಆಸೆಯಿಂದ ಕೈ ತೊಳೆದುಕೊಂಡರು. ಆ ಆಸೆ ಈಗಲೂ ನನ್ನ ಕಣ್ಣಿಗೆ ಕಟ್ಟಿದೆ. ಒಂದು ತುತ್ತು ಬಾಯಿಗಿಟ್ಟರು. ನುಂಗಿದರು. ಅಣ್ಣ ಉಸಿರು ಬಿಗಿಹಿಡಿದು ನೋಡುತ್ತಿದ್ದ.

ಅದು ಹೊರಗೆ ಬಂತು, ಅರ್ಧ ತಟ್ಟೆಗೆ, ಅರ್ಧ ನನ್ನ ಅಂಗಿಗೆ.

"ನಗು ಈಗ! ವಿಡಿಯೋ ಮಾಡು!" ಅಂತ ಅಣ್ಣ ಕೂಗಿದ. ಅಮ್ಮನ ಕಡೆಗೂ ತಿರುಗಿದ. "ಅವನಿಗೆ ಬುದ್ಧಿ ಇಲ್ಲ. ನಿನಗೂ ಇಲ್ವಾ?" ಅಮ್ಮ ಸೆರಗು ಬಾಯಿಂದ ತೆಗೆದಳು. ಈಗ ಅವಳಿಗೂ ನಗು ಇರಲಿಲ್ಲ.

ನಾಲ್ಕು ಗಂಟೆಗೆ ಆಟೋ ಬಂತು. ಅಣ್ಣ ಅತ್ತಿಗೆಯನ್ನು ಮೆಟ್ಟಿಲಿಳಿಸುತ್ತಿದ್ದಾಗ ನಾನು ಅಡ್ಡ ನಿಂತೆ. ಬೆಳಿಗ್ಗೆಯೇ ಕೇಳಬೇಕಿದ್ದ ಪ್ರಶ್ನೆ ಆಗ ಬಾಯಿಗೆ ಬಂತು.

"ಅತ್ತಿಗೆ, ಹೇಗೆ ಮಾಡೋದು ಹೇಳಿ."

ಅವರು ಮೂಗು ಮುಚ್ಚಿಕೊಂಡೇ ಹೇಳಿದರು. "ನೆನೆಸಬೇಡ. ಒಣಕಾಳನ್ನ ಘಮ್ಮನ್ನೋವರೆಗೂ ಹುರಿ. ತೊಳೆದು ಬೇಯಿಸು. ಅದೇ ನೀರಿಗೆ ಅಕ್ಕಿ, ಜಜ್ಜಿದ ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಉಪ್ಪು. ಕಾಯಿ ಬೇಡ, ಒಗ್ಗರಣೆ ಬೇಡ. ಬಾಯಿ ಮುಚ್ಕೊಂಡ್ ಮಾಡು." ಹತ್ತು ಸೆಕೆಂಡೂ ಹಿಡಿಯಲಿಲ್ಲ.

ಆರೂವರೆಗೆ ಟಿಫನ್ ಡಬ್ಬಿ ಹಿಡಿದು ವಿಜಯನಗರದ ನರ್ಸಿಂಗ್ ಹೋಮಿಗೆ ಹೋದೆ. ಅತ್ತಿಗೆಯ ಬಲಗೈಗೆ ಡ್ರಿಪ್ ಹಾಕಿದ್ದರು. ಅಮ್ಮ ನನ್ನ ಕೈಯಿಂದ ಡಬ್ಬಿ ಕಿತ್ತುಕೊಂಡು, ಕಲೆಸಿ, ತುತ್ತು ಮಾಡಿ ಸೊಸೆಯ ಬಾಯಿಗಿಟ್ಟಳು. ಒಂದು ತುತ್ತು. ಎರಡು. ಅತ್ತಿಗೆ ಮೂರನೆಯದಕ್ಕೆ ಬಾಯಿ ತೆರೆಯದೆ ನನ್ನನ್ನೇ ನೋಡಿದರು.

"ಉಪ್ಪೇ ಇಲ್ಲ ಕಣೋ."

ನಾನು ಓಡಿದೆ. ಕ್ಯಾಂಟೀನಿನವನು ಉಪ್ಪು ಕೊಡಲಿಲ್ಲ. ರಸ್ತೆ ದಾಟಿ ಮೂರು ಅಂಗಡಿ ಸುತ್ತಿ, ಒಂದು ಕೆಜಿ ಕಲ್ಲುಪ್ಪು ತಬ್ಬಿಕೊಂಡು ಮೂರನೇ ಮಹಡಿಗೆ ಮೆಟ್ಟಿಲು ಹತ್ತಿ ಬಂದೆ. ಡಬ್ಬಿ ಖಾಲಿಯಾಗಿತ್ತು. ಅಣ್ಣ ಗೋಡೆ ಕಡೆ ತಿರುಗಿ ಕಣ್ಣು ಒರೆಸಿಕೊಳ್ಳುತ್ತಿದ್ದ. ಅತ್ತಿಗೆ ದಿಂಬಿಗೆ ಒರಗಿ, ಒಂದು ತಿಂಗಳಲ್ಲಿ ಮೊದಲ ಸಲ ತೇಗಿದರು.

"ಅತ್ತಿಗೆ, ಉಪ್ಪು..."

"ಉಪ್ಪು ಸರಿಯಾಗೇ ಇತ್ತು," ಅಂದರು ಕಣ್ಣು ಮುಚ್ಚಿಕೊಂಡು. "ನಿನ್ನ ಮುಖ ನೋಡ್ಕೊಂಡು ನಂಗೆ ತಿನ್ನೋಕಾಗಲ್ಲ, ಅಷ್ಟೆ."