ಜೆರಾಕ್ಸ್ ಮಷಿನ್ ಈದ ದಿನ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವಳು ಹೇಳುತ್ತಾಳೆ. ಇರಲಿ ಬಿಡಿ. ಇಪ್ಪತ್ತು ವರ್ಷದಿಂದ ಜೆರಾಕ್ಸ್ ಮಷಿನ್ ರಿಪೇರಿ ಮಾಡುವವನಿಗೆ ಕೋಪ ಬರದೆ ಇನ್ನೇನು ಬರಬೇಕು? ಮನೆ ಚಿತ್ರದುರ್ಗದಲ್ಲಿ. ಬೈಕಿನ ಹಿಂದೆ ಟೂಲ್ ಬ್ಯಾಗು ಕಟ್ಟಿಕೊಂಡು ಬೆಳಿಗ್ಗೆ ಹೊಳಲ್ಕೆರೆ, ಮಧ್ಯಾಹ್ನ ಹೊಸದುರ್ಗ, ಮಾರನೇ ದಿನ ಹಿರಿಯೂರು. ಎಲ್ಲಿಂದ ಫೋನ್ ಬಂದರೂ ಒಂದೇ ಮಾತು: "ಸಾರ್, ನಾವೇನೂ ಮಾಡಿಲ್ಲ, ಅದೇ ನಿಂತ್ಕಂತು." ಹೋಗಿ ಮುಚ್ಚಳ ತೆಗೆದರೆ ಒಳಗೆ ಸ್ಟೇಪ್ಲರ್ ಪಿನ್ನು, ತಲೆಗೂದಲಿನ ಕ್ಲಿಪ್ಪು, ಸತ್ತ ಹಲ್ಲಿ. ಆಯುಧಪೂಜೆ ಆದ ವಾರವಂತೂ ಕೇಳಲೇಬೇಡಿ. ಗಾಜಿನ ಮೇಲೆಲ್ಲ ಕುಂಕುಮ, ವಿಭೂತಿ. ಒಬ್ಬ ಪುಣ್ಯಾತ್ಮ ಕಾಗದದ ಟ್ರೇಯೊಳಗೆ ನಾಲ್ಕು ನಿಂಬೆಹಣ್ಣು ಇಟ್ಟು ಮುಚ್ಚಿದ್ದ. ಯಾಕ್ರೀ ಇದು ಎಂದರೆ, "ಗಾಡಿಗಾದ್ರೆ ಚಕ್ರದ ಕೆಳಗೆ ಇಡ್ತೀವಿ ಸಾರ್. ಇದಕ್ಕೆ ಚಕ್ರ ಎಲ್ಲವೆ ಅಂತ ಗೊತ್ತಾಗ್ಲಿಲ್ಲ" ಎಂದ.

ಇವೆಲ್ಲ ಬೇರೆಯವರ ತಪ್ಪು. ಬೇರೆಯವರ ತಪ್ಪು ಹೇಳುವಾಗ ನನ್ನ ಬಾಯಿ ದೊಡ್ಡದು. ಹೊಸದುರ್ಗದಲ್ಲಿ ಆದದ್ದು ಮಾತ್ರ ನನ್ನದೇ ತಪ್ಪು.

ಅಲ್ಲಿ ತಾಲ್ಲೂಕು ಕಚೇರಿಯ ಕಡೆ ಹೋಗುವ ದಾರಿಯಲ್ಲಿ ಒಂದು ಪುಟ್ಟ ಜೆರಾಕ್ಸ್ ಅಂಗಡಿ. ಅಂಗಡಿಯವನು ಎಷ್ಟೋ ವರ್ಷ ಹಳೆಯ ಮಷಿನ್ನಿನಲ್ಲೇ ಒಂದೊಂದು ಹಾಳೆಯನ್ನೂ ಗಾಜಿನ ಮೇಲಿಟ್ಟು, ಮುಚ್ಚಿ, ಒತ್ತಿ ಕಾಲ ಹಾಕಿದವನು. ಕೊನೆಗೂ ಮನಸ್ಸು ಮಾಡಿ ದೊಡ್ಡ ಮಷಿನ್ನು ತರಿಸಿದ. ಅದರ ನೆತ್ತಿಯ ಮೇಲೆ ಫೀಡರ್ ಇತ್ತು. ಹತ್ತಿಪ್ಪತ್ತು ಹಾಳೆ ಒಟ್ಟಿಗೆ ಇಟ್ಟರೆ ತಾನೇ ಒಂದೊಂದಾಗಿ ಎಳೆದುಕೊಂಡು, ಪ್ರತಿ ತೆಗೆದು, ಆಚೆ ಹಾಕುತ್ತದೆ. ಕೂರಿಸಿಕೊಡಲು ನಾನು ಹೋಗಿದ್ದೆ. ಪೂಜೆ ಆಯಿತು, ತೆಂಗಿನಕಾಯಿ ಒಡೆದರು, ಎಲ್ಲರ ಕೈಗೂ ಕೊಬ್ಬರಿ ಚೂರು ಬಂತು. ಕಚೇರಿಗೆ ಬಂದ ಜನ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನೋಡುವವರು ಇದ್ದರೆ ನನಗೆ ಮೊದಲಿನಿಂದಲೂ ಹುಮ್ಮಸ್ಸು ಜಾಸ್ತಿ. ಹತ್ತು ಹಾಳೆ ಇಟ್ಟು ಸರಸರನೆ ತೆಗೆದು ತೋರಿಸಿದೆ. "ಇನ್ಮೇಲೆ ಮುಚ್ಚಳ ಎತ್ತೋ ಕೆಲ್ಸಾನೇ ಇಲ್ಲ" ಎಂದು ಸಾರಿದೆ.

ಆಗ ಆ ಅಮ್ಮ ಬಂದರು. ಅರವತ್ತು ದಾಟಿರಬೇಕು. ಹೆಗಲ ಮೇಲೆ ಕರಿ ಕಂಬಳಿ, ಮೈಯಿಂದ ಕುರಿಹಟ್ಟಿಯ ವಾಸನೆ. ಸೊಂಟದ ಸಂಚಿ ಬಿಚ್ಚಿ, ಎಲೆ ಅಡಿಕೆಯ ನಡುವಿನಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದರು. ಕವರಿನೊಳಗೆ ನಾಲ್ಕು ಮಡಿಕೆಯ ಕಾಗದ. ಹಳದಿಯಾಗಿತ್ತು, ಮಡಿಕೆಯ ಗೆರೆಗಳಿಗೆ ಹಿಂದಿನಿಂದ ಟೇಪು ಅಂಟಿಸಿದ್ದರು.

"ನಮ್ಮತ್ತೆಗೆ ಸರ್ಕಾರದೋರು ಕೊಟ್ಟ ಎರಡು ಎಕ್ರೆ ಸಾಗುವಳಿ ಚೀಟಿ ಕಣಪ್ಪ. ನನ್ನ ಹೆಸರಿಗೆ ಮಾಡಿಸ್ಬೇಕು. ಮೂರು ಗಂಟೆಗೆ ಸಾಹೇಬ್ರಿಗೆ ಇದನ್ನೂ ತೋರಿಸ್ಬೇಕು, ಜೆರಾಕ್ಸೂ ಕೊಡ್ಬೇಕು. ಉಷಾರಾಗಿ ಹಿಡ್ಕಳ್ರಿ. ಇದು ಹೋದ್ರೆ ಭೂಮಿ ನಮ್ದು ಅನ್ನಾಕೆ ನನ್ತಾವ ಇನ್ನೇನೂ ಇಲ್ಲ."

ಅಂಗಡಿಯವನು ಹಳೆಯ ಅಭ್ಯಾಸದಂತೆ ಗಾಜಿನ ಮೇಲಿಡಲು ಮುಚ್ಚಳ ಎತ್ತಿದ. ಅವನನ್ನು ಅವನ ಪಾಡಿಗೆ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

"ಏ, ಮತ್ತೆ ಗಾಜು ಯಾಕ್ರೀ? ಮೇಲಿಡ್ರಿ, ಅದೇ ಎಳ್ಕಂತೈತೆ" ಎಂದೆ.

"ಹಳೇ ಕಾಗದ ಸಾರ್..."

"ಮಷಿನ್ ಹೊಸದು ಐತಲ್ರೀ!" ಎಂದವನೇ ಕಾಗದವನ್ನು ಅವನ ಕೈಯಿಂದ ತೆಗೆದುಕೊಂಡು ಫೀಡರಿನಲ್ಲಿಟ್ಟು ಬಟನ್ ಒತ್ತಿದೆ.

ಸವೆದ ಕಾಗದ, ಟೇಪು ಹಾಕಿದ ಕಾಗದ ಫೀಡರಿಗೆ ಕೊಡಬಾರದು. ಈ ಕೆಲಸಕ್ಕೆ ಸೇರಿದ ಮೊದಲ ದಿನವೇ ಕಲಿಯುವ ಪಾಠ ಅದು. ಆ ತಪ್ಪು ಮಾಡಿದವರಿಗೆ ನಾನು ನಾಲ್ಕು ತಾಲ್ಲೂಕಿನಲ್ಲೂ ಬೈದಿದ್ದೇನೆ. ಜನ ನೋಡುತ್ತಿದ್ದಾರೆಂಬ ಅಮಲಿನಲ್ಲಿ ಪಾಠವೂ ಮರೆತಿತ್ತು, ಬೈದದ್ದೂ ಮರೆತಿತ್ತು. ಮಾಡಿದ್ದುಣ್ಣೋ ಮಹರಾಯ.

ಕರಕರ ಎಂದಿತು. ನಿಂತಿತು. ಕೆಂಪು ದೀಪ ಹತ್ತಿತು. ಫೀಡರಿನ ಮುಚ್ಚಳ ತೆಗೆದರೆ ಒಂದು ಬೆರಳಗಲ ಕಾಗದ ಮಾತ್ರ ಕಾಣುತ್ತಿತ್ತು. ಉಳಿದದ್ದೆಲ್ಲ ಒಳಗಿನ ರೋಲರಿಗೆ ಸುತ್ತಿಕೊಂಡಿತ್ತು.

"ಕಾಗದ ಎಲ್ಲಪ್ಪ?" ಎಂದರು ಅಮ್ಮ.

"ಒಳಗೈತಮ್ಮ."

"ಯಾವಾಗ ಬರ್ತೈತೆ?"

ಕಾಣುತ್ತಿದ್ದ ಅಂಚನ್ನು ಹಿಡಿದು ಮೆಲ್ಲಗೆ ಎಳೆದೆ. ಒಳಗೆಲ್ಲೋ ಟೇಪು ಚರ್ ಎಂದು ಬಿಡುವ ಸದ್ದು. ತಟ್ಟನೆ ಕೈ ಬಿಟ್ಟೆ. ರೋಲರ್ ತಿರುಗಿಸಲು ಪಕ್ಕದಲ್ಲಿ ಹಸಿರು ತಿರುಪು ಇರುತ್ತದೆ, ಅದನ್ನು ತಿರುಗಿಸಿದೆ. ಅದು ಮುಂದಕ್ಕೆ ಮಾತ್ರ ತಿರುಗುತ್ತದೆ. ಕಾಗದ ಇನ್ನಷ್ಟು ಮುದುಡಿತು. ಗಡಿಯಾರ ನೋಡಿದೆ, ಒಂದೂವರೆ.

ಅಮ್ಮ ಹತ್ತಿರ ಬಂದು ಬಗ್ಗಿ, ಫೀಡರಿಗೆ ಕಿವಿ ಕೊಟ್ಟು ನಿಂತರು. "ಎಳೀಬ್ಯಾಡ. ಮರಿ ಅಡ್ಡ ಬಿದ್ದೈತೆ" ಎಂದರು.

ತಪ್ಪು ಮಾಡಿದಾಗಲೇ ನನಗೆ ಕೋಪ ಹೆಚ್ಚು. "ಅಮ್ಮಾ, ಇದು ಕುರಿಯಲ್ಲ, ಮಷಿನ್ನು. ಅಲ್ಲಿ ಸುಮ್ಕೆ ಕುಂತ್ಕಳ್ರಿ!"

ಅವರು ಕೂರಲಿಲ್ಲ. "ಕುರಿ ಆದ್ರೇನು, ಮಷಿನ್ ಆದ್ರೇನು? ಅಡ್ಡ ಬಿದ್ದಿದ್ದು ಎಳೆದ್ರೆ ಹರಿದು ಬರ್ತೈತೆ. ಮುಂಗಾಲು ಮಡಚ್ಕಂಡಿರ್ತೈತೆ ಕಣಪ್ಪ. ಮೊದ್ಲು ಒಳಕ್ಕೆ ತಳ್ಳಬೇಕು. ಕಾಲು ನೆಟ್ಟಗೆ ಮಾಡ್ಬೇಕು. ಆಮೇಲೆ ಅದೇ ಬರ್ತೈತೆ."

ಏನೋ ಖಾರವಾಗಿ ಹೇಳಲು ಬಾಯಿ ತೆರೆದಿದ್ದೆ. ಅವರ ಮಾತು ಆಗ ತಲೆಗೆ ಹತ್ತಿತು. ಒಳಕ್ಕೆ ತಳ್ಳಬೇಕು! ಇಪ್ಪತ್ತು ವರ್ಷ ಕಾಗದ ಸಿಕ್ಕಾಗಲೆಲ್ಲ ಮುಂದಕ್ಕೆ ಎಳೆಯುವುದೊಂದೇ ನನಗೆ ಗೊತ್ತಿದ್ದದ್ದು. ರೋಲರ್ ಹಿಂದಕ್ಕೆ ತಿರುಗದಂತೆ ಒಂದು ಗೇರು ತಡೆದಿರುತ್ತದೆ. ಹಿಂಬದಿಯ ಕವರು ಬಿಚ್ಚಿ ಆ ಗೇರನ್ನೇ ಕಳಚಿಬಿಟ್ಟರೆ? ರೋಲರ್ ಎರಡೂ ಕಡೆಗೆ ತಿರುಗುತ್ತದಲ್ಲ!

ಅಷ್ಟರಲ್ಲಿ ಅಂಗಡಿಯವನು ನನ್ನ ಕಿವಿಯ ಹತ್ತಿರ ಬಂದು, "ಸಾರ್, ಮೇಲಿಂದ ಒಡೆದೇ ತೆಗೀರಿ. ನನ್ನ ಮಷಿನ್ ಹೋದ್ರೆ ಹೋಗ್ಲಿ, ಪಾಪ, ಅವ್ರ ಕಾಗದ ಉಳೀಲಿ" ಎಂದ. ಬೆಳಿಗ್ಗೆಯಷ್ಟೇ ಅದಕ್ಕೆ ಹೂವು ಹಾಕಿ ಕೈ ಮುಗಿದವನು. ಎಂಥ ದೊಡ್ಡ ಮನಸ್ಸು ಮಾರಾಯ ನಿಂದು ಎನ್ನಿಸಿತು.

ಪಿಸುಮಾತಾದರೂ ಅಮ್ಮನಿಗೆ ಕೇಳಿಸಿತ್ತು. "ಛೇ, ಒಡೀಬ್ಯಾಡ್ರಿ. ಮರಿ ಉಳಿದು ತಾಯಿ ಹೋದ್ರೆ ಏನು ಬಂತು ಭಾಗ್ಯ? ಎರಡೂ ಉಳೀಬೇಕು."

ಸ್ಕ್ರೂ ಬಿಚ್ಚಿದೆ. ಬೆವರಿಗೆ ಸ್ಕ್ರೂಡ್ರೈವರ್ ಎರಡು ಸಲ ಜಾರಿತು. ಗೇರು ಕೈಗೆ ಬಂತು. ರೋಲರನ್ನು ಹಿಂದಕ್ಕೆ ಒಂದು ಎಳ್ಳಷ್ಟು ತಿರುಗಿಸಿದೆ. ಸದ್ದಿಲ್ಲ. ಇನ್ನೊಂದು ಎಳ್ಳಷ್ಟು. ಬಿಗಿಯಾಗಿದ್ದ ಕಾಗದ ಸಡಿಲವಾಯಿತು. ಆದರೆ ಒಂದು ಮೂಲೆ ರೋಲರಿನ ಅಡಿಗೆ ಮಡಚಿಕೊಂಡು ಕೂತಿತ್ತು. ನನ್ನ ದಪ್ಪ ಬೆರಳು ಆ ಸಂದಿಯಲ್ಲಿ ಇಳಿಯಲೇ ಇಲ್ಲ.

"ಸರಿ ಅತ್ಲಾಗೆ" ಎಂದರು ಅಮ್ಮ. ಬಳೆಗಳನ್ನು ಮೊಣಕೈಗೆ ಏರಿಸಿಕೊಂಡರು. "ಎಣ್ಣೆ ಐತಾ?"

"ಎಣ್ಣೆನಾ! ಅಯ್ಯಯ್ಯೋ, ಎಣ್ಣೆ ಗಿಣ್ಣೆ ಬ್ಯಾಡ ತಾಯಿ, ಕಾಲಿಗೆ ಬೀಳ್ತೀನಿ!" ಎಂದು ಕೂಗಿಬಿಟ್ಟೆ. ಬಾಗಿಲಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಅಮ್ಮನೂ ನಕ್ಕು, ಸೆರಗಿನಲ್ಲಿ ಕೈ ಒರೆಸಿಕೊಂಡು, ಎರಡು ತೆಳ್ಳನೆಯ ಬೆರಳನ್ನು ಸಂದಿಯೊಳಗೆ ಇಳಿಸಿದರು. ಕಣ್ಣು ಮುಚ್ಚಿದರು.

"ಇಲ್ಲೈತೆ. ಮಡಚ್ಕಂಡೈತೆ... ಇರು, ಬಿಡಿಸ್ತೀನಿ. ಹೂಂ, ಈಗ ತಿರುಗ್ಸು. ನಿಲ್ಸು! ಏನವಸರ? ಹೂಂ, ತಿರುಗ್ಸು."

ತಿರುಗಿಸು ಎಂದಾಗ ತಿರುಗಿಸಿದೆ, ನಿಲ್ಲಿಸು ಎಂದಾಗ ನಿಲ್ಲಿಸಿದೆ. ಜನ್ಮದಲ್ಲಿ ಯಾರ ಮಾತನ್ನೂ ಅಷ್ಟು ಶ್ರದ್ಧೆಯಿಂದ ಕೇಳಿದವನಲ್ಲ. ಮೊದಲು ಒಂದು ಮೂಲೆ ಬಂತು, ಆಮೇಲೆ ಇನ್ನೊಂದು, ಕೊನೆಗೆ ಇಡೀ ಕಾಗದ ಅವರ ಅಂಗೈ ಮೇಲೆ ಬಂದು ಬಿತ್ತು. ಎರಡು ಕಡೆ ಟೇಪು ಬಿಟ್ಟಿತ್ತು, ಅಂಚಿಗೆ ರೋಲರಿನ ಕಪ್ಪು ಹತ್ತಿತ್ತು. ಅಕ್ಷರ ಒಂದೂ ಹೋಗಿರಲಿಲ್ಲ. ಅಮ್ಮ ಅದನ್ನು ಬೆಳಕಿಗೆ ಹಿಡಿದು, ಕೆಳಗಿನ ದುಂಡು ಮುದ್ರೆಯನ್ನು ಹುಡುಕಿ, "ಐತೆ" ಎಂದರು. ನನಗೆ ಅಳುವೇ ಬಂತು, ಸುಳ್ಳು ಯಾಕೆ ಹೇಳಲಿ.

ಗೇರು, ಕವರು ಮತ್ತೆ ಕೂರಿಸಿದೆ. ಪ್ರತಿ ತೆಗೆದದ್ದು ಗಾಜಿನ ಮೇಲೇ. ಮುಚ್ಚಳ ಹಾಕಲು ಅಮ್ಮ ಬಿಡಲಿಲ್ಲ. ಮತ್ತೆ ಎಳೆದುಕೊಂಡರೆ ಎಂದು ಕಾಗದದ ಅಂಚಿನ ಮೇಲೆ ಕೈ ಒತ್ತಿಯೇ ನಿಂತಿದ್ದರು. ಪ್ರತಿಯ ಅಂಚಿನಲ್ಲಿ ಅವರ ನಾಲ್ಕು ಬೆರಳೂ, ಮಣಿಕಟ್ಟಿಗೆ ಮತ್ತೆ ಇಳಿದಿದ್ದ ಬಳೆಯೂ ಸ್ವಚ್ಛವಾಗಿ ಮೂಡಿದವು. ಇನ್ನೊಂದು ತೆಗೆಯೋಣ ಎಂದರೆ, "ಇನ್ನೊಂದ್ಸಲ ನಿಮ್ಮ ಕೈಗೆ ಕೊಡ್ತೀನಾ? ಇರ್ಲಿ ಬಿಡ್ರಿ" ಎಂದರು.

"ತಪ್ಪು ನಂದೇ ಕಣಮ್ಮ" ಎಂದೆ.

"ಹೂಂ, ನಿಂದೇ. ಪ್ರಾಯದ ಟಗರಿನಂಗೆ ಹಾರಾಡ್ತಿದ್ದೆ" ಎಂದು ಸಂಚಿಯಿಂದ ಒಂದು ಅಡಿಕೆ ತೆಗೆದು ನನ್ನ ಕೈಗಿಟ್ಟು, ಮೂರಕ್ಕೆ ಇನ್ನೂ ಹೊತ್ತಿರುವಾಗಲೇ ಕಚೇರಿಯ ಕಡೆ ನಡೆದರು.

ಆ ಬೆರಳಿನ ಗುರುತು ಮಾತ್ರ ನನ್ನ ತಲೆಯಲ್ಲಿ ಉಳಿಯಿತು. ಅದಕ್ಕೇ ಅರ್ಜಿ ವಾಪಸ್ ಬಂದರೆ? ಕೇಳೋಣವೆಂದರೆ ಅವರ ಊರು ನನಗೂ ಗೊತ್ತಿಲ್ಲ, ಅಂಗಡಿಯವನಿಗೂ ಗೊತ್ತಿಲ್ಲ. ಕೆಲವು ತಿಂಗಳ ಮೇಲೆ ಹೊಸದುರ್ಗದಿಂದ ಹಿರಿಯೂರಿಗೆ ಹೋಗುತ್ತಿದ್ದೆ. ಮಾರಿಕಣಿವೆ ಅಣೆಕಟ್ಟಿಗೆ ಇನ್ನೂ ದೂರವಿರುವಾಗಲೇ ರಸ್ತೆ ತುಂಬ ಕುರಿ. ಬೈಕ್ ನಿಲ್ಲಿಸಿದೆ. ಹಿಂದಿನಿಂದ ಒಂದು ದನಿ: "ಏನಪ್ಪ ಸೂಲಗಿತ್ತಿ! ಇವತ್ತೆಷ್ಟು ಮರಿ ತೆಗೆದಿ?"

ಅದೇ ಕಂಬಳಿ, ಅದೇ ನಗು.

"ಎರಡು ಕಣಮ್ಮ."

"ತಾಯಂದ್ರು?"

"ಎಲ್ಲಾ ಚೆನ್ನಾಗವೆ."

"ಹಂಗಾದ್ರೆ ಕಲ್ತಿದೀಯ ಬಿಡು."

ಇನ್ನು ತಡೆಯಲಾಗಲಿಲ್ಲ. "ಅಮ್ಮ, ಭೂಮಿ ಏನಾಯ್ತು? ಆ ಜೆರಾಕ್ಸ್‌ನಾಗೆ ನಿಮ್ಮ ಕೈ ಬಂದಿತ್ತಲ್ಲ, ಸಾಹೇಬ್ರು ಏನೂ ಅನ್ನಲಿಲ್ವಾ?"

"ಅನ್ನದೆ ಬಿಡ್ತಾರಾ? ಯಾರ್ದಮ್ಮ ಈ ಕೈ ಅಂದ್ರು." ಕೋಲನ್ನು ಕಂಕುಳಿಗೆ ಸಿಗಿಸಿ, ಆ ಕೈಯನ್ನೇ ಎತ್ತಿ ನನಗೆ ತೋರಿಸಿದರು. "ನಂದೇ ಸ್ವಾಮಿ, ಆ ಹೊಲದಾಗೆ ನಲವತ್ತು ವರ್ಷ ಕಳೆ ಕಿತ್ತಿದ್ದು ಇದೇ ಕೈ ಅಂದೆ. ಕಾಗದನೂ ನೋಡಿದ್ರು, ನನ್ನ ಕೈನೂ ನೋಡಿದ್ರು. ಆಮೇಲೆ ಖಾತೆಗೆ ನನ್ನ ಹೆಸ್ರು ಬರ್ಕಂಡ್ರು."